ಎಲ್ಲರಿಗೂ ಗೊತ್ತಿದ್ದ ವರ್ಷ

"ಮನೆ ನೀನೇ ಇಟ್ಕೊಳ್ತೀಯಾ, ಇಲ್ಲಾ ಮಾರಿಬಿಡ್ತೀರಾ?" ಎಂದು ಟೂರಿಡ್ ಕೇಳಿದಾಗ ಗುನ್ವೋರ್ ಕಿತ್ತಳೆ ಸುಲಿಯುತ್ತಿದ್ದಳು.

ಈಸ್ಟರ್ ರಜೆ. ಟೂರಿಡ್‌ಳ ಬೆಟ್ಟದ ಮನೆಯ ಬಿಸಿಲು ಬೀಳುವ ಗೋಡೆಗೆ ಒರಗಿ, ಹಿಮಸಾರಂಗದ ಚರ್ಮ ಹಾಸಿಕೊಂಡು, ಇಬ್ಬರೂ ಕಾಲು ಚಾಚಿ ಕೂತಿದ್ದರು. ಗುನ್ವೋರಳ ಗಂಡ ಐಲಿಫ್ ಮನೆಯ ಹಿಂದೆ ಸೌದೆ ಒಡೆಯುವ ಸದ್ದು ಕೇಳುತ್ತಿತ್ತು.

"ಯಾವ ಮನೆ?"

"ಮೊಲ್ಡೆಯಲ್ಲಿರೋದು ಕಣೇ, ನಿಮ್ಮದೇ. ಒಬ್ಬಳಿಗೆ ಅಷ್ಟು ದೊಡ್ಡ ಮನೆ..." ಎಂದವಳು ಗೆಳತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಐಲಿಫ್ ಹೇಳಿಲ್ವಾ?"

"ಏನು?"

"ಈಸ್ಟರ್‌ಗೆ ಮುಂಚೆ ಹೇಳ್ತೀನಿ ಅಂದಿದ್ದ. ನನ್ನ ಹತ್ರ ಮಾತು ಕೊಟ್ಟಿದ್ದ." ಟೂರಿಡ್‌ಳ ದನಿ ಇಳಿದುಹೋಯಿತು. "ನಾನ್ಯಾಕೆ ಬಾಯಿ ಬಿಟ್ಟೆನೋ."

ಸೌದೆಯ ಸದ್ದು ನಿಲ್ಲಲಿಲ್ಲ. ಗುನ್ವೋರ್ ಒಂದು ತೊಳೆ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯದು.

ಐಲಿಫ್ ಫೆರಿ ಹಡಗಿನ ಕಪ್ತಾನನಾಗಿದ್ದವನು. ಕಳೆದ ವಸಂತದಲ್ಲಿ ನಿವೃತ್ತನಾದ ದಿನವೇ, "ಒಂದು ವರ್ಷ ಏನೂ ಕೆಲಸ ಬೇಡ. ದೋಣಿ, ಸ್ಕೀ, ಸ್ನೇಹಿತರು, ಅಷ್ಟೇ" ಎಂದಿದ್ದ. ಶಾಲೆಯ ನರ್ಸ್ ಕೆಲಸಕ್ಕೆ ಅವಳೂ ರಜೆ ಹಾಕಿದಳು. ಜೂನ್‌ನಲ್ಲಿ ಹಾಯಿದೋಣಿ ಬಿಚ್ಚಿಕೊಂಡು ಉತ್ತರಕ್ಕೆ ಹೊರಟರು. ಮಂಜು ಕವಿದಾಗ ಯಾವುದೋ ನಡುಗಡ್ಡೆಯ ಮರೆಯಲ್ಲಿ ಲಂಗರು ಹಾಕಿ, ಅಲ್ಲೇ ಹಿಡಿದ ಮೀನನ್ನು ಬೆಣ್ಣೆಯಲ್ಲಿ ಹುರಿದು, ಬಾಣಲೆಯಿಂದಲೇ ತಿಂದರು. ಮಕ್ಕಳು ಹುಟ್ಟಿದ ಮೇಲೆ ಅವನು ಅಷ್ಟು ಮಾತಾಡಿದ್ದನ್ನು, ಅಷ್ಟು ನಕ್ಕಿದ್ದನ್ನು ಅವಳು ಕಂಡಿರಲಿಲ್ಲ. ಮುದಿವಯಸ್ಸಿನಲ್ಲಿ ನನಗೆ ನನ್ನ ಗಂಡ ಸಿಕ್ಕ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು. ಅಕ್ಕ ಯಾಕೋ ತಟ್ಟನೆ ಮಾತು ಬದಲಿಸಿದ್ದಳು.

ಊರೂರಿಗೂ ಸ್ನೇಹಿತರಿದ್ದರು. ಊಟವಾದ ಮೇಲೆ ಐಲಿಫ್ ಆ ಮನೆಯವರ ಜೊತೆ ದೋಣಿ ಕಟ್ಟುವ ದಕ್ಕೆಯವರೆಗೆ ನಡೆದುಹೋಗುತ್ತಿದ್ದ. ಗುನ್ವೋರ್ ಪಾತ್ರೆ ತೊಳೆಯಲು ನಿಲ್ಲುತ್ತಿದ್ದಳು. ಬೀಳ್ಕೊಡುವಾಗ ಎಲ್ಲರೂ ಅವಳನ್ನು ಅಗತ್ಯಕ್ಕಿಂತ ಕೊಂಚ ಹೆಚ್ಚು ಹೊತ್ತು ಅಪ್ಪಿಕೊಳ್ಳುತ್ತಿದ್ದರು. ಲೊಫೋಟೆನ್‌ನ ಮಾಗ್ನಾರ್, ಐಲಿಫ್‌ನನ್ನು ದಡದಲ್ಲೇ ನಿಲ್ಲಿಸಿ, ದೋಣಿಯನ್ನು ದಕ್ಕೆಗೆ ತಂದು ಕಟ್ಟುವುದನ್ನು ಅವಳ ಕೈಲೇ ಮತ್ತೆ ಮತ್ತೆ ಮಾಡಿಸಿದ್ದ. "ಅವನ ಕಡೆ ನೋಡಬೇಡ. ಒಬ್ಬಳೇ ಮಾಡು," ಎನ್ನುತ್ತಿದ್ದ. ಬುಡೋದ ಬೆರಿತ್ ತನ್ನ ಮನೆಯ ಕೀಲಿಕೈಯನ್ನೇ ಕೊಟ್ಟು, "ಯಾವಾಗ ಬೇಕಾದ್ರೂ ಬಾ, ಫೋನೂ ಮಾಡಬೇಡ," ಎಂದಿದ್ದಳು. ವಯಸ್ಸಾದಂತೆ ಜನ ಮೆತ್ತಗಾಗುತ್ತಾರೆ ಎಂದುಕೊಂಡು ಗುನ್ವೋರ್ ಆ ಪ್ರೀತಿಯಲ್ಲಿ ಮಿಂದುಬಿಟ್ಟಿದ್ದಳು.

ಐಲಿಫ್ ಸೌದೆ ಹೊತ್ತುಕೊಂಡು ಮನೆಯ ಮೂಲೆ ತಿರುಗಿ ಬಂದ. ಇಬ್ಬರ ಮುಖ ನೋಡಿದ. ಟೂರಿಡ್ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವನು ಸೌದೆಯನ್ನು ಒಂದೊಂದಾಗಿ ಹಿಮದ ಮೇಲೆ ಇಳಿಸಿದ.

"ಬೇರೆ ಯಾರಾದ್ರೂ ಇದಾಳಾ?"

"ಇಲ್ಲ. ಇದ್ದಿದ್ರೆ ಹೇಳೋದು ಸುಲಭ ಇತ್ತು."

"ಮತ್ತೆ?"

"ಒಬ್ಬನೇ ಇರಬೇಕು ಅನ್ಸುತ್ತೆ. ಇವತ್ತಿಂದಲ್ಲ, ತುಂಬಾ ವರ್ಷದಿಂದ. ನಿನ್ನ ತಪ್ಪು ಏನೂ ಇಲ್ಲ."

"ಅದನ್ನ ನಾನು ಕೇಳಲಿಲ್ಲ." ಅವಳು ಸಿಪ್ಪೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಮಾಗ್ನಾರ್‌ಗೆ ಗೊತ್ತಿತ್ತಾ?"

"ಹೂಂ."

"ಬೆರಿತ್‌ಗೆ?"

"ನೀನು ಒಂಟಿ ಆಗಬಾರದು ಅಂತ ಎಲ್ಲರ ಹತ್ರನೂ ಹೇಳಿಟ್ಟೆ. ನೋಡ್ಕೊಳ್ಳಿ ಅಂದೆ."

"ನನ್ನ ಅಕ್ಕನಿಗೂ?"

ಅವನು ಬಗ್ಗಿ, ಇಳಿಸಿದ್ದ ಸೌದೆಯನ್ನು ಮತ್ತೆ ಜೋಡಿಸತೊಡಗಿದ.

"ಅಂದ್ರೆ ಎಲ್ಲರೂ ನನ್ನ ಮುಖ ನೋಡ್ಕೊಂಡು ಕೂತಿದ್ರು. ನಾನು ಅವರ ಮುಂದೆ ನಿನ್ನ ಹೊಗಳ್ತಾ ಇದ್ದೆ." ಅವಳ ದನಿ ಏರಲಿಲ್ಲ. "ದೋಣೀಲಿ ನಗ್ತಿದ್ದೆಯಲ್ಲ ಐಲಿಫ್. ಅದು ನಾಟಕವಾ?"

"ಅಲ್ಲ. ಖಂಡಿತ ಅಲ್ಲ."

"ಹಾಗಾದ್ರೆ?"

ಅವನು ಕೈಗವಸು ತೆಗೆದ, ಮತ್ತೆ ಹಾಕಿಕೊಂಡ. "ಮುಗಿಯತ್ತೆ ಅಂತ ಗೊತ್ತಿತ್ತಲ್ಲ. ಅದಕ್ಕೇ ನಗೋಕೆ ಆಯ್ತು."

ಗುನ್ವೋರ್ ಎದುರಿನ ಬೆಟ್ಟದ ಕಡೆ ತಿರುಗಿದಳು. ಅವನು ಬಿಟ್ಟು ಹೋಗುವುದನ್ನಾದರೂ ಹೇಗೋ ಸಹಿಸಬಹುದೇನೋ. ಆದರೆ ಆ ಬೇಸಿಗೆ? ಬಾಣಲೆ, ಮಂಜು, ಅರ್ಧ ಸೀದ ಮೀನಿಗೆ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದು? ಅದನ್ನು ಇನ್ನು ಎಲ್ಲಿಟ್ಟುಕೊಳ್ಳುವುದು ಎಂದು ಅವಳಿಗೆ ತೋಚಲಿಲ್ಲ.

ಎದ್ದು ಒಳಗೆ ಹೋಗಿ ಚೀಲ ತುಂಬಿಕೊಂಡಳು. ಟೂರಿಡ್ ಒಲೆಯ ಮುಂದೆ ಕೂತು ಅಳುತ್ತಿದ್ದಳು.

"ನೀನಾದ್ರೂ ಹೇಳಬಹುದಿತ್ತು ಕಣೇ," ಎಂದಳು ಗುನ್ವೋರ್.

"ನೀನು ಅಷ್ಟು ಖುಷಿಯಾಗಿದ್ದೆ. ನನ್ನ ಕೈಲಾಗಲಿಲ್ಲ."

ಅವಳು ಗೆಳತಿಯ ಭುಜ ಮುಟ್ಟಿ ಹೊರಬಂದಳು. ಕಣಿವೆಯ ಸ್ಟೇಷನ್ನಿಂದ ಸಂಜೆಯ ರೈಲಿತ್ತು. ಐಲಿಫ್ ಆಗಲೇ ಸ್ಕೀ ಕಟ್ಟಿಕೊಂಡು ನಿಂತಿದ್ದ.

"ಗಾಳಿಗೆ ಹಿಮ ಕವಿದು ದಾರಿ ಮುಚ್ಚಿಹೋಗಿದೆ. ಸ್ಟೇಷನ್ನಿನವರೆಗೆ ನಾನು ಮುಂದೆ ಹೋಗ್ತೀನಿ. ಆಮೇಲೆ ವಾಪಸ್ ಬರ್ತೀನಿ."

ಅವಳು ಬೇಡ ಎನ್ನದೆ ತನ್ನ ಸ್ಕೀ ಕಟ್ಟಿಕೊಂಡಳು. ಅವನು ಹೊರಟ. ಹೊಸ ಹಿಮವನ್ನು ಅದುಮಿ ಒತ್ತುತ್ತಾ, ಹಿಂದೆ ಬರುವವಳಿಗೆ ಸಲೀಸಾಗಲಿ ಎಂದು ಎರಡು ನೇರ ಗೆರೆ ಎಳೆಯುತ್ತಾ ಇಳಿಜಾರಿನ ಕಡೆ ನಡೆದ. ಒಂದು ಕಡೆ ನಿಂತು ತಿರುಗಿ ನೋಡಿದ.

ಗುನ್ವೋರ್ ಆ ಗೆರೆಗಳ ಪಕ್ಕಕ್ಕೆ ಸರಿದಳು. ಅಲ್ಲಿ ಹಿಮ ಮೆತ್ತಗಿತ್ತು, ಸ್ಕೀ ಸಮೇತ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಕೋಲು ಊರಿ ಕಾಲೆಳೆದುಕೊಂಡಳು, ಇನ್ನೊಂದು ಹೆಜ್ಜೆ ಇಟ್ಟಳು, ಅದೂ ಹೂತಿತು. ಅವನು ಅಲ್ಲೇ ಕಾಯುತ್ತಿದ್ದ. ಅವಳು ತುಂಬ ನಿಧಾನವಾಗಿ ಅವನ ಮಟ್ಟಕ್ಕೆ ಬಂದು, ಅವನನ್ನು ದಾಟಿ, ಕೆಳಗಿನ ಬೆಳ್ಳಗಿನ ಬಯಲಿಗೆ ಇಳಿಯತೊಡಗಿದಳು.