ಹಿಂದೆ ಬಿದ್ದವರಿಗೆ ಮನೆಯಿಲ್ಲ

ನೀಲಿ ಅಂಗಿ ಔಷಧದಂಗಡಿ ದಾಟಿತು, ಇನ್ನಷ್ಟು ದೂರ ಹೋಗಲಿ, ಕಂಬದ ಮರೆಯಲ್ಲಿ ನಿಲ್ಲು, ಧಾರಾವಾಹಿಯ ಇನ್‌ಸ್ಪೆಕ್ಟರೂ ಹೀಗೇ ನಿಲ್ಲುವುದು, ಆದರೆ ಅವನ ಕೈಯಲ್ಲಿ ಅಂಚು ಹೊಲಿಯಬೇಕಾದ ಪ್ಯಾಂಟುಗಳ ಚೀಲ ಇರುವುದಿಲ್ಲ — ಕಟ್ಟಿಕೊಂಡ ಗಂಡನ ಹಿಂದೆ ಕಳ್ಳಬೆಕ್ಕಿನ ಹಾಗೆ, ಯಾರಾದರೂ ನೋಡಿದರೆ ಏನಂದುಕೊಂಡಾರು. ಅಂದುಕೊಳ್ಳಲಿ. ಗಡಿಯಾರದ ಅಂಗಡಿಗೆ ಬೀಗ ಹಾಕಿ ಎಷ್ಟೋ ಹೊತ್ತಾದ ಮೇಲೆ ಮನೆಗೆ ಬರುತ್ತಾನೆ, ರಿಪೇರಿ ಜಾಸ್ತಿ ಇತ್ತು ಕಣೇ ಎನ್ನುತ್ತಾನೆ, ಕಿವಿಯ ಹಿಂದೆ ಕೂದಲು ಒದ್ದೆ, ಗಡಿಯಾರ ರಿಪೇರಿ ಮಾಡಿದರೆ ಕೂದಲು ಒದ್ದೆಯಾಗುತ್ತದೆಯೇ, ಎಲ್ಲೋ ಸ್ನಾನ ಮಾಡಿ ಬರುತ್ತಾನೆ, ಯಾರ ಮನೆಯಲ್ಲಿ. ಅಯ್ಯೋ, ರಸ್ತೆ ದಾಟಿಯೇಬಿಟ್ಟ, ಈ ಲಾರಿಗಳ ಮಧ್ಯೆ ನನಗೆ ಕೈಕಾಲೇ ಆಡುವುದಿಲ್ಲ, ಜೊತೆಗಿದ್ದರೆ ತಿರುಗಿಯೂ ನೋಡದೆ ಎಡಗೈ ಬೆನ್ನ ಹಿಂದೆ ಚಾಚುತ್ತಾನೆ, ಅಂಗೈ ಬಿಚ್ಚಿ, ಹಿಡಿದುಕೊಂಡು ದಾಟುತ್ತೇನೆ. ಈಗ ಆಚೆ ನಿಂತು ಚಪ್ಪಲಿ ಅಂಗಡಿಯ ಗಾಜು ನೋಡುತ್ತಿದ್ದಾನೆ, ನಾಟಕ, ನಾನು ದಾಟುವವರೆಗೂ ನೋಡುತ್ತಲೇ ಇದ್ದ. ಇನ್‌ಸ್ಪೆಕ್ಟರ್ ಪಾಪ, ಹಗಲು ಪಾಠ ಹೇಳಿ ರಾತ್ರಿ ಬ್ಯಾಂಕು ದೋಚುವ ಮೇಷ್ಟ್ರ ಹಿಂದೆ ಬಿದ್ದು ಊಟ ನಿದ್ದೆ ಬಿಟ್ಟ, ಹೆಂಡತಿ ಬಿಟ್ಟುಹೋದಳು. ಇನ್ನೊಂದು ಚಾನೆಲ್ಲಿನ ಆಫೀಸರಮ್ಮ ಹೂವಿನಂಗಡಿಯ ಗೂಢಚಾರಿಣಿಯನ್ನು ಹುಡುಕುತ್ತ ಸ್ವಂತ ಮಗಳ ಹುಟ್ಟುಹಬ್ಬ ಮರೆತಳು. ಆ ಮೇಷ್ಟ್ರೋ, ತರಕಾರಿ ತರುತ್ತಾರೆ, ಪಾತ್ರೆ ತೊಳೆಯುತ್ತಾರೆ. ಹಿಂದೆ ಬಿದ್ದವರಿಗೆ ಒಂದು ಮನೆಯೂ ಇಲ್ಲ, ತಪ್ಪಿಸಿಕೊಳ್ಳುವವರಿಗೆ ಎರಡೆರಡು. ನಮ್ಮ ಟೈಲರಂಗಡಿಯ ಕಟಿಂಗ್ ಮಾಸ್ತರು ಕತ್ತರಿ ಆಡಿಸುತ್ತಲೇ, ನಂಗೆ ಕಳ್ಳನೇ ಇಷ್ಟ ಕಣಮ್ಮ, ಅವನಿಗೆ ಮನೆಯೋರಿಗೆ ಗೊತ್ತಾದ್ರೆ ಅನ್ನೋ ಭಯ ಆದ್ರೂ ಇದೆ, ಎಂದಿದ್ದರು, ನಾನು ಜಗಳಕ್ಕೇ ನಿಂತೆ, ಸುಳ್ಳು ಸುಳ್ಳೇ ಎಂದೆ — ಹಾಗೆಂದವಳು ಇವತ್ತು ಇವನಿಗೇ ಫೋನ್ ಮಾಡಿ, ಹೊಲಿಗೆ ಬಾಕಿ ಇದೆ, ತಡವಾಗುತ್ತೆ, ಎಂದೆನಲ್ಲ, ದನಿ ಒಂದು ಚೂರೂ ನಡುಗಲಿಲ್ಲ, ನಾನೂ ಮೇಷ್ಟ್ರೇ ಆಗಿಬಿಟ್ಟೆ.

ನಿಂತ. ಮತ್ತೆ ರಸ್ತೆ, ಸಿಗ್ನಲ್ಲು, ಇವನ ಹಿಂದೆಯೇ ಇನ್ನೊಂದು ಕಂಬದ ಮರೆಯಲ್ಲಿ ನಾನು. ಆಚೆ ಬದಿಯ ಗೇಟಿನಿಂದ ಮಕ್ಕಳು ಹೊರಬರುತ್ತಿವೆ, ಹೆಗಲ ಮೇಲೆ ಟವೆಲ್ಲು, ಕಿವಿಯ ಹಿಂದೆಲ್ಲ ಒದ್ದೆ, ಗೇಟಿನ ಮೇಲೆ ಈಜುಕೊಳವೆಂಬ ಬೋರ್ಡು — ಇವನಾ, ನೀರೆಂದರೆ ನಡುಗುವವನು, ಸಮುದ್ರಕ್ಕೆ ಹೋದಾಗಲೆಲ್ಲ ನಾನು ಒಬ್ಬಳೇ ಈಜುತ್ತೇನೆ, ಇವನು ದಡದಲ್ಲಿ ಕೂತು ನನ್ನ ಚಪ್ಪಲಿ ಕಾಯುತ್ತಾನೆ, ಪ್ರತಿಸಲವೂ, ನಿನಗೂ ಈಜು ಬಂದಿದ್ದರೆ ಎನ್ನುತ್ತೇನೆ, ನಗುತ್ತಾನೆ. ದಾಟುವ ಹಸಿರು ದೀಪ ಬಿತ್ತು, ಎಲ್ಲರೂ ದಾಟಿದರು, ಇವನು ದಾಟಲಿಲ್ಲ, ಬಾರೇ, ಎಷ್ಟೊತ್ತು ಕಂಬ ತಬ್ಕೊಂಡು ನಿಂತಿರ್ತೀಯ, ಒಳಗೆ ಬಂದು ನೋಡು, ಇನ್ನೂ ಮುಳುಗ್ತೀನಿ, ನಗಬಾರ್ದು ಅಷ್ಟೇ, ತಿರುಗದೆಯೇ ಹೇಳಿದ, ಹಾಗಾದರೆ ಗೊತ್ತಿತ್ತು, ಚಪ್ಪಲಿ ಅಂಗಡಿಯ ಗಾಜಿನಲ್ಲಿ ನನ್ನನ್ನೇ ನೋಡುತ್ತಿದ್ದ, ಅಳು ಬರುತ್ತಿದೆ, ನಗುವೂ, ಈ ಪ್ಯಾಂಟಿನ ಚೀಲ ಯಾವ ಕೈಗೆ, ಬಲಗೈಗೆ, ದೀಪ ಮಿನುಗುತ್ತಿದೆ, ಬೆನ್ನ ಹಿಂದೆ ಎಡಗೈ, ಅಂಗೈ ಬಿಚ್ಚಿ, ಆ ಕೈ —