ನೀಲಿ ಗೇಟಿನ ನಾಯಿಗಳು

ಪಾರ್ಸೆಲ್ ಡಿಪೋದ ಮೂಲೆಯಲ್ಲಿ, ತೂಕದ ಯಂತ್ರಕ್ಕೂ ಕುಡಿಯುವ ನೀರಿನ ಡ್ರಮ್ಮಿಗೂ ನಡುವೆ ಒಂದು ಮೇಜು. ಆ ಮೇಜಿನ ಹಿಂದೆ ಕೂರುವವಳನ್ನು ಡ್ರೈವರುಗಳೆಲ್ಲ ಮ್ಯಾಪಕ್ಕ ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಯಾರಿಗೆ ಬೇಕು ಅದು! ವ್ಯಾನುಗಳ ಮುಂಗಾಜಿಗೆ ಅಂಟಿಸಿದ, ದಾರಿ ಹೇಳುವ ಜಿಪಿಎಸ್ ಯಂತ್ರಗಳಿಗೆ ಗುರುತು ತುಂಬುವುದು ಅವಳ ಕೆಲಸ. ಡ್ರೈವರುಗಳ ಬಾಯಲ್ಲಿ ಆ ಯಂತ್ರ ಬರೀ ‘ಡಬ್ಬಿ’.

ಕಂಪನಿ ಕೊಟ್ಟ ನಕ್ಷೆಗೆ ರಸ್ತೆ ಗೊತ್ತಿತ್ತೇ ಹೊರತು ರಸ್ತೆಯಲ್ಲಿರುವ ಮನುಷ್ಯರು ಗೊತ್ತಿರಲಿಲ್ಲ. ಯಾವ ಕಟ್ಟಡದ ಲಿಫ್ಟ್ ಕೆಟ್ಟು ಕೂತಿದೆ, ಯಾವ ಮನೆಯ ಬೆಲ್ಲು ಹೊಡೆದರೆ ಕರೆಂಟು ಹೊಡೆಯುತ್ತದೆ, ಯಾವ ಅಜ್ಜಿ ಪಾರ್ಸೆಲ್ ತೆಗೆದುಕೊಳ್ಳುವ ಮೊದಲು ತಂದವನ ವಂಶವನ್ನೆಲ್ಲ ಜಾಲಾಡುತ್ತಾಳೆ, ಇದನ್ನೆಲ್ಲ ಡ್ರೈವರುಗಳು ಸಂಜೆ ಬಂದು ಮೇಜಿನ ಮುಂದೆ ನಿಂತು ಅರಚುತ್ತಿದ್ದರು. ಮ್ಯಾಪಕ್ಕ ಜಾಗ ಹುಡುಕಿ, ಗುರುತು ಹಾಕಿ, ಬೆಳಿಗ್ಗೆ ಒಂದೊಂದೇ ಡಬ್ಬಿಗೆ ವೈರು ಸಿಕ್ಕಿಸಿ ತುಂಬುತ್ತಿದ್ದಳು. ವ್ಯಾನು ಆ ಜಾಗದ ಹತ್ತಿರ ಬಂತೋ, ಡಬ್ಬಿ ಎರಡು ಸಲ ಕೀ ಕೀ ಅಂದು ಹೆಂಗಸಿನ ದನಿಯಲ್ಲಿ ಹೇಳುತ್ತಿತ್ತು: ಮುಂದೆ ಲಿಫ್ಟ್ ಇಲ್ಲ. ಮುಂದೆ ಬೈಯುವ ಅಜ್ಜಿ. ಮುಂದೆ ನಾಯಿ.

ಇದರಿಂದ ಡಿಪೋಗೆ ಒಂದು ಚಟ ಅಂಟಿಕೊಂಡಿತ್ತು. ಡ್ರೈವರುಗಳು ಕಣ್ಣು ಬಿಟ್ಟು ನೋಡುವುದನ್ನೇ ನಿಲ್ಲಿಸಿಬಿಟ್ಟಿದ್ದರು. ‘ನಾಯಿ ಇದೆ ಎಚ್ಚರಿಕೆ’ ಅಂತ ಗೇಟಿನ ಮೇಲೆ ಬೋರ್ಡು ನೇತಾಡುತ್ತಿದ್ದರೂ ಓದುವವರಿಲ್ಲ. ಅರ್ಧ ಊರಿನವರು ನಾಯಿಯೇ ಇಲ್ಲದೆ ಬೋರ್ಡು ಹಾಕಿಕೊಂಡಿರುತ್ತಾರೆ, ಡಬ್ಬಿ ಮಾತ್ರ ಸುಳ್ಳು ಹೇಳುವುದಿಲ್ಲ. ಡಬ್ಬಿ ಸುಮ್ಮನಿದೆ ಅಂದರೆ ನಾಯಿ ಇಲ್ಲ, ಗೇಟು ತಳ್ಳಿ ಒಳಗೆ ಹೋಗು. ಮ್ಯಾಪಕ್ಕನ ಮೇಲೆ ಅಷ್ಟು ನಂಬಿಕೆ.

ಅವಳ ತಂಗಿಯ ಗಂಡನೂ ಅಲ್ಲಿಯೇ ಡ್ರೈವರು. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದ ಮೇಲೆ ಮ್ಯಾಪಕ್ಕ ಮದುವೆ ಗಿದುವೆ ಅನ್ನದೆ ಸಾಕಿದ ತಂಗಿ ಅವಳು, ಪುಟ್ಟಿ. ಆ ಪುಟ್ಟಿಗೆ ಡಿಪೋದಿಂದಲೇ ಗಂಡು ಆರಿಸಿದ್ದಳು. ಇರುವೆ ತುಳಿಯದ ಮನುಷ್ಯ ಅಂತ ಅವನಿಗೆ ಹೆಸರು. ಕೆಟ್ಟು ನಿಂತ ವ್ಯಾನು ತಳ್ಳಲು ಮೊದಲು ಬರುವವನು ಅವನೇ, ಎಲ್ಲರಿಗೂ ಚಹಾ ತರುವವನೂ ಅವನೇ. ಮಾತಾಡಿದರೆ ಕೇಳುತ್ತ ನಿಂತುಬಿಡಬೇಕು, ಹಾಗೆ. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅವನು ಏನಾಗುತ್ತಾನೆ ಅನ್ನುವುದು ಪುಟ್ಟಿಯ ಮೈಗೆ ಮಾತ್ರ ಗೊತ್ತಿತ್ತು.

ಒಂದು ಸಲ ಪುಟ್ಟಿ ಅಕ್ಕನ ಮನೆಗೆ ಓಡಿಬಂದಿದ್ದಳು. ಮಾರನೆಯ ದಿನ ಅವನು ಡಿಪೋದ ನಡುವೆ, ಎಲ್ಲರ ಎದುರು, ಮ್ಯಾಪಕ್ಕನ ಕಾಲಿಗೆ ಬಿದ್ದು ಗಳಗಳ ಅತ್ತ. ಡ್ರೈವರುಗಳು ಕಣ್ಣೊರೆಸಿಕೊಂಡರು. ಮ್ಯಾನೇಜರು ಮಧ್ಯೆ ಬಂದು, “ಸಂಸಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ ಕಣಮ್ಮ, ದೊಡ್ಡವಳು ನೀನು, ಮುರೀಬೇಡ,” ಅಂತ ಬುದ್ಧಿ ಹೇಳಿದರು. ಪುಟ್ಟಿ ವಾಪಸು ಹೋದಳು. ಆ ವಾರ ಅವಳು ಯಾರಿಗೂ ಮುಖ ತೋರಿಸಲಿಲ್ಲ.

ಆಮೇಲಿನಿಂದ ಮ್ಯಾಪಕ್ಕನ ತಲೆಯಲ್ಲಿ ಇದ್ದದ್ದು ಒಂದೇ: ತಂಗಿಯನ್ನು ಆ ಮನೆಯಿಂದ ಹೊರಗೆ ತರಬೇಕು. ತನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿ, ಹೊಸ ಚಾದರ ಹಾಸಿಟ್ಟಿದ್ದಳು. ಅವನು ಕೆಲಸದ ಮೇಲಿರುವಾಗ ಹೋಗಿ ಹೋಗಿ ಗೋಗರೆಯುತ್ತಿದ್ದಳು. ಹಾಗೆಯೇ ಒಂದು ಮಧ್ಯಾಹ್ನ ಹೋದಾಗ ಪುಟ್ಟಿ ತಲೆಗೂದಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟುಕೊಂಡು ಕೂತಿದ್ದಳು.

“ಕಿವಿ ಹತ್ರ ಏನೇ ಅದು?”

“ಬಾಗಿಲು ತಾಗ್ತು.”

“ನಿಮ್ಮನೆ ಬಾಗಿಲಿಗೆ ಐದು ಬೆರಳಿದೆಯೇನೇ?”

ಪುಟ್ಟಿಗೆ ನಗು ಬಂತು. ನಗುತ್ತ ನಗುತ್ತಲೇ ಅತ್ತಳು. ಗಂಡನ ಶರ್ಟಿನ ಗುಂಡಿ ಬಿದ್ದುಹೋಗಿದ್ದನ್ನು ಅವಳು ನೋಡಿರಲಿಲ್ಲವಂತೆ, ಅಷ್ಟಕ್ಕೇ.

“ಈಗಲೇ ನಡಿ ನನ್ನ ಜೊತೆ.”

“ನೋಡೋಣ ಅಕ್ಕಾ.”

“ನೋಡೋಣ ನೋಡೋಣ ಅಂತ ಒಂದಿನ ನಿನ್ನ ಹೆಣ ನೋಡ್ಬೇಕಾಗುತ್ತೆ ಕಣೇ ನಾನು!” ಅಂತ ರೇಗಿ, ಚಪ್ಪಲಿ ಮೆಟ್ಟಿಕೊಂಡು ಡಿಪೋಗೆ ಬಂದಳು.

ಆ ಸಂಜೆ ಲಂಬು ಅನ್ನುವ ಡ್ರೈವರು ಕುಂಟಿಕೊಂಡು ಬಂದ. ಉದ್ದ ಆಳು, ಪ್ಯಾಂಟು ಮೊಣಕಾಲಿನಿಂದ ಕೆಳಕ್ಕೆ ಚಿಂದಿ. ಗುಡ್ಡದ ರಸ್ತೆಯ ಕೊನೆಯ ಮನೆ, ನೀಲಿ ಗೇಟು. ಹೊಸದಾಗಿ ಬಂದವರು ಎರಡು ನಾಯಿ ಬಿಟ್ಟಿದ್ದಾರೆ.

“ನಾಯಿ ಅಂದ್ರೆ ನಾಯಿ ಅಲ್ಲ ಅಕ್ಕ, ಕರುಗಳಿದ್ದ ಹಾಗಿವೆ. ಬೊಗಳೋದೂ ಇಲ್ಲ ದರಿದ್ರದವು, ಸೀದಾ ಬಾಯಿ ಹಾಕೋದೇ. ಕಾಂಪೌಂಡ್ ಹಾರಿದ್ದಕ್ಕೆ ಬದುಕಿದೆ.”

“ಮನೆಯವರು?”

“ಕಿಟಕೀಲಿ ನಿಂತು ನೋಡ್ತಿದ್ರು ಪುಣ್ಯಾತ್ಮರು.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಟ್ಟಿಯ ಗಂಡ ಮಾತ್ರ ಅಲ್ಲಿರಲಿಲ್ಲ, ಅವನ ವ್ಯಾನು ಇನ್ನೂ ಬಂದಿರಲಿಲ್ಲ. ಮ್ಯಾಪಕ್ಕ ಗುರುತು ಹಾಕಿದಳು: ಮುಂದೆ ನಾಯಿ, ಗೇಟು ತೆರೆಯಬೇಡಿ, ಹಾರ್ನ್ ಮಾಡಿ.

ಬೆಳಿಗ್ಗೆ ಲಂಬು ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋದ. ಅವನ ರಸ್ತೆಗಳನ್ನು ಮ್ಯಾನೇಜರು ಪುಟ್ಟಿಯ ಗಂಡನಿಗೆ ಕೊಟ್ಟರು. ನಾಯಿಯ ಸುದ್ದಿ ಅವನಿಗೆ ಯಾರೂ ಹೇಳಲಿಲ್ಲ, ಡಬ್ಬಿ ಹೇಳುತ್ತದಲ್ಲ. ನೀಲಿ ಗೇಟಿನ ಮನೆಗೆ ಇನ್ನೂ ಒಂದು ಪಾರ್ಸೆಲ್ ಹೋಗಬೇಕಿತ್ತು. ಮ್ಯಾಪಕ್ಕ ಒಂದೊಂದೇ ಡಬ್ಬಿ ತೆಗೆದುಕೊಂಡು ಹೊಸ ಗುರುತುಗಳನ್ನು ತುಂಬುತ್ತ ಬಂದಳು. ಅವನದು ಕೊನೆಗೆ ಉಳಿಯಿತು. ಆಗ ಅವನೇ ಚಹಾದ ಲೋಟ ಹಿಡಿದು ಬಂದು ಮೇಜಿನ ಮೇಲಿಟ್ಟ.

“ಸಕ್ಕರೆ ಕಮ್ಮಿ ಹಾಕ್ಸಿದೀನಿ ಅತ್ತಿಗೆ, ನಿಮಗೆ ಹೇಗೆ ಬೇಕೋ ಹಾಗೆ. ನಿಮ್ಮ ತಂಗಿಗೆ ಸ್ವಲ್ಪ ಬುದ್ಧಿ ಹೇಳಿ. ಮೈಮೇಲೆ ಜ್ಞಾನ ಇಲ್ದೆ ಓಡಾಡ್ತಾಳೆ, ಬಾಗಿಲಿಗೆಲ್ಲ ಗುದ್ದಿಕೊಳ್ತಾಳೆ.” ಅವಳ ಮುಖವನ್ನೇ ನೋಡುತ್ತ ನಕ್ಕ. “ಇನ್ನೊಂದ್ಸಲ ಎಲ್ಲಿಗೆ ಗುದ್ದಿಕೊಳ್ತಾಳೋ ಏನೋ, ನನಗಂತೂ ಭಯ.”

ಮ್ಯಾಪಕ್ಕನ ಮೈಯೆಲ್ಲ ಉರಿದುಹೋಯಿತು. ಬಾಯಿ ಮಾತ್ರ, “ಆಯ್ತು, ಹೇಳ್ತೀನಿ,” ಅಂದಿತು. ಅವನ ಡಬ್ಬಿಗೆ ವೈರು ಸಿಕ್ಕಿಸಿದಳು. ಪರದೆಯ ಮೇಲೆ ನೀಲಿ ಗೇಟಿನ ಗುರುತಿನ ಪಕ್ಕ ಒಂದು ಸರಿ ಚಿಹ್ನೆ ಇತ್ತು. ಅದನ್ನು ತೆಗೆದಳು. ಉಳಿದದ್ದೆಲ್ಲ ತುಂಬಿದಳು, ಕೆಟ್ಟ ಲಿಫ್ಟು, ಬೈಯುವ ಅಜ್ಜಿ, ಊರಿನ ಇನ್ನೆಲ್ಲ ನಾಯಿಗಳು. ಡಬ್ಬಿ ಅವನ ಕೈಗೆ ಕೊಟ್ಟು, ಚಹಾ ಪೂರ್ತಿ ಕುಡಿದಳು. ಚೆನ್ನಾಗಿತ್ತು.

ಅವನು ಹೊರಟು ಸ್ವಲ್ಪ ಹೊತ್ತಿಗೆ ಪುಟ್ಟಿಯ ಫೋನು ಬಂತು.

“ಅಕ್ಕಾ, ಬಟ್ಟೆ ಕಟ್ಕೊಂಡೆ.”

“ಏನಂದೆ?”

“ಬರ್ತಿದೀನಿ. ನೀನು ನಿನ್ನೆ ಬೈದು ಹೋದೆಯಲ್ಲ, ರಾತ್ರಿಯೆಲ್ಲ ಅದೇ ಕಿವಿಯಲ್ಲಿ. ಮತ್ತೆ ಕಾಲಿಗೆ ಬಿದ್ರೂ ಹೋಗಲ್ಲ. ಮ್ಯಾನೇಜರ್ರಿಗೂ ಹೇಳ್ಬಿಡು, ಅವರಿಗಷ್ಟು ಬೇಜಾರಾದ್ರೆ ಅವರೇ ಹೋಗಿ ಇರ್ಲಿ ಅವನ ಜೊತೆ.”

ಎಷ್ಟು ದಿನದ ಮೇಲೆ ಪುಟ್ಟಿ ಹೀಗೆ ಮಾತಾಡಿದ್ದು! ಮ್ಯಾಪಕ್ಕನಿಗೆ ಖುಷಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಬೀಗದ ಕೈ ಎಲ್ಲಿದೆ, ಏನು ತಿನ್ನಬೇಕು, ಎಲ್ಲ ಹೇಳಿ ಫೋನಿಟ್ಟಳು. ಇಟ್ಟ ಮೇಲೆ ನೀಲಿ ಗೇಟು ನೆನಪಾಯಿತು.

ಗೋಡೆಯ ಮೇಲೆ ದೊಡ್ಡ ಪರದೆಯಲ್ಲಿ ವ್ಯಾನುಗಳೆಲ್ಲ ಚುಕ್ಕಿಗಳಾಗಿ ಹರಿಯುತ್ತಿದ್ದವು. ಅವನ ಚುಕ್ಕಿ ಇನ್ನೂ ಪೇಟೆಯೊಳಗೆ ಇತ್ತು, ಗುಡ್ಡದ ರಸ್ತೆ ಹತ್ತಿರಲಿಲ್ಲ. ಒಂದು ಫೋನು ಮಾಡಿದರೆ ಮುಗಿಯಿತು: ಆ ಮನೇಲಿ ನಾಯಿ ಇದೆ, ಹುಷಾರು, ಹಾಕೋದು ಮರೆತೆ. ತಂಗಿ ಹೇಗೂ ಬರುತ್ತಿದ್ದಾಳೆ. ಇನ್ನು ಅವನ ಗೊಡವೆ ಯಾಕೆ? ಮ್ಯಾಪಕ್ಕ ಫೋನು ಎತ್ತಿದಳು, ನಂಬರೂ ತೆಗೆದಳು. ಆಗ ಪುಟ್ಟಿಯ ಕಿವಿ ಕಣ್ಣ ಮುಂದೆ ಬಂತು. ಸುಮ್ಮನೆ ಬಿಟ್ಟುಬಿಡುವುದೇ ಅವನನ್ನು? ಒಂದು ಸಲ ಮೈ ನೋಯುವುದು ಅಂದರೇನು ಅಂತ ಗೊತ್ತಾಗಲಿ. ಪ್ಯಾಂಟು ಹರಿಯುತ್ತದೆ, ನಾಲ್ಕು ಇಂಜೆಕ್ಷನ್ ಬೀಳುತ್ತದೆ, ಅಷ್ಟೇ ತಾನೆ? ಫೋನು ಮಗುಚಿ ಇಟ್ಟಳು. ಚುಕ್ಕಿ ಗುಡ್ಡ ಹತ್ತಿತು. ರಸ್ತೆಯ ಕೊನೆಗೆ ಹೋಗಿ ನಿಂತಿತು. ಎಷ್ಟು ಹೊತ್ತಾದರೂ ಅಲ್ಲಿಂದ ಅಲುಗಲಿಲ್ಲ.

ಅವನು ಲಂಬುವಿನಷ್ಟು ಉದ್ದ ಇರಲಿಲ್ಲ, ಕಾಂಪೌಂಡ್ ಹಾರಲಾಗಲಿಲ್ಲ. ಎರಡೂ ನಾಯಿ ಬಲಗಾಲು ಹಿಡಿದು ಎಳೆದಾಡಿದ್ದವು. ಮೊಣಕಾಲಿನ ಕೆಳಗೆ ಮಾಂಸ ಕಿತ್ತು ಬಂದಿತ್ತು. ಕಾಲು ಉಳಿಯುತ್ತದೆ, ಆದರೆ ಇನ್ನು ವ್ಯಾನು ಓಡಿಸುವ ಮಾತಿಲ್ಲ, ಊರುಗೋಲಿಲ್ಲದೆ ನಡೆಯುವ ಮಾತೂ ಇಲ್ಲ ಅಂದರು ಡಾಕ್ಟರು. ಆಸ್ಪತ್ರೆಯವರು ಅವನ ಫೋನಿನಲ್ಲಿ ಹೆಂಡತಿಯ ನಂಬರು ಹುಡುಕಿ ಕರೆದರು. ಪುಟ್ಟಿ ಬಟ್ಟೆಯ ಗಂಟು ಹಿಡಿದುಕೊಂಡೇ ಆಸ್ಪತ್ರೆಗೆ ಹೋದಳು. ಸಹಿ ಮಾಡುವವರು ಬೇರೆ ಯಾರಿದ್ದರು?

“ಮನೆಗೆ ಬರೋವರೆಗೆ ನೋಡ್ಕೊಂಡು ಆಮೇಲೆ ಬರ್ತೀನಿ ಅಕ್ಕಾ,” ಅಂದಳು ಫೋನಿನಲ್ಲಿ. ಅವನು ಮನೆಗೆ ಬಂದ. ಅವಳು ಬರಲಿಲ್ಲ. ಫೋನು ಎತ್ತುವುದನ್ನೂ ಬಿಟ್ಟಳು. ಕಾದು ಕಾದು ಸಾಕಾಗಿ ಮ್ಯಾಪಕ್ಕ ಒಂದು ದಿನ ತಾನೇ ಹೋದಳು.

ಅವನು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ದಪ್ಪ ಬ್ಯಾಂಡೇಜಿನ ಕಾಲು ಮುಂದಕ್ಕೆ ಚಾಚಿತ್ತು. ಮುಖದಲ್ಲಿ ಅದೇ ನಗು.

“ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಪುಟ್ಟೀ, ಅತ್ತಿಗೆಗೆ ಚಹಾ ಮಾಡೇ, ಸಕ್ಕರೆ ಕಮ್ಮಿ.” ಒಳಗೆ ಪಾತ್ರೆಯ ಸದ್ದಾಯಿತು. ಅವನು ದನಿ ತಗ್ಗಿಸಿದ. “ಲಂಬು ಬಂದಿದ್ದ ನೋಡೋಕೆ. ಆ ಗೇಟಿನ ಹತ್ರ ಅವನ ಡಬ್ಬಿ ಬಡ್ಕೊಳ್ಳುತ್ತಂತೆ. ಎಲ್ಲರದ್ದೂ ಬಡ್ಕೊಳ್ಳುತ್ತಂತೆ. ನಂದು ಮಾತ್ರ ಯಾಕೆ ಮೂಕ ಆಯ್ತು, ಹೇಳಿ ನೋಡೋಣ?”

ಅವನು ದಿಂಬಿನ ಕೆಳಗೆ ಕೈ ಹಾಕಿ ಡಬ್ಬಿ ತೆಗೆದ. ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ.

“ಅವತ್ತು ವ್ಯಾನಿಂದ ಇಳಿಯುವಾಗ ಜೇಬಿಗೆ ಹಾಕ್ಕೊಂಡಿದ್ದೆ. ಕಳೆದುಹೋಯ್ತು ಅಂತ ಹೇಳಿದೀನಿ ಡಿಪೋಗೆ. ಅವತ್ತು ಏನೇನು ತುಂಬಿದ್ರಿ, ಏನು ಬಿಟ್ರಿ, ಎಲ್ಲ ಇದರೊಳಗೇ ಇದೆ. ಪೊಲೀಸಿಗೆ ಕೊಡೋಣ ಅಂದ್ಕೊಂಡೆ. ಆಮೇಲೆ ಅನ್ನಿಸ್ತು, ಯಾಕೆ ಬಿಡು, ಮನೆ ವಿಷಯ. ಮನೇಲೇ ತೀರಿಸ್ಕೊಂಡ್ರಾಯ್ತು.” ಡಬ್ಬಿಯನ್ನು ಮತ್ತೆ ಸುತ್ತಿ ದಿಂಬಿನ ಕೆಳಗಿಟ್ಟ. “ನಿಮ್ಮನೆವರೆಗೂ ಬರೋಕೆ ನಂಗೆ ಕಾಲಿಲ್ಲ ಅತ್ತಿಗೆ. ಈ ಕೈಗೆ ಸಿಗೋದು ಅಂದ್ರೆ ಇವಳೊಬ್ಬಳೇ.”

ಪುಟ್ಟಿ ಲೋಟ ತಂದಿಟ್ಟಳು. ಒಂದು ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು.

ಮ್ಯಾಪಕ್ಕ ತಂಗಿಯ ತೋಳು ಹಿಡಿದು ಬಾಗಿಲ ಹೊರಗೆ ಎಳೆದುಕೊಂಡು ಬಂದಳು.

“ಹೀಗೇ ಬಾರೇ. ಚಪ್ಪಲಿನೂ ಬೇಡ. ಕುಂಟ ಅವನು, ಅಟ್ಟಿಸ್ಕೊಂಡು ಬರ್ತಾನಾ?”

“ನಾನು ಬಂದ್ರೆ ನಿನ್ನ ಜೈಲಿಗೆ ಹಾಕಿಸ್ತಾನೆ. ಡಬ್ಬಿ ತೋರಿಸಿ ಎಲ್ಲ ಹೇಳಿದಾನೆ.”

“ಹಾಕ್ಸಿದ್ರೆ ಹಾಕ್ಸ್ಲಿ!”

“ನಾನು ಬಿಡಲ್ಲ. ನನ್ನ ಸಾಕಿದವಳು ನೀನು,” ಅಂದಳು ಪುಟ್ಟಿ. ಆಮೇಲೆ ಅಕ್ಕನ ಮುಖ ನೋಡದೆ ಕೇಳಿದಳು, “ಒಂದು ಮಾತು ಹೇಳಕ್ಕ, ಸುಳ್ಳು ಬೇಡ. ಬಟ್ಟೆ ಕಟ್ಕೊಂಡೆ ಅಂತ ನಾನು ಫೋನ್ ಮಾಡಿದಾಗ, ಅವನು ಇನ್ನೂ ಆ ಮನೆಗೆ ಹೋಗಿರ್ಲಿಲ್ಲ ಅಲ್ವಾ?”

ಮ್ಯಾಪಕ್ಕ ತಂಗಿಯ ತೋಳು ಬಿಟ್ಟಳು. ಪುಟ್ಟಿ ತಲೆಯಾಡಿಸಿದಳು. ಒಳಗಿನಿಂದ ಅವನು ಮೆಲ್ಲಗೆ, ಮುದ್ದಿನಿಂದ ಕರೆದ: “ಪುಟ್ಟೀ.”

“ನೀನು ಬಂದು ಹೋದ್ರೆ ಜಾಸ್ತಿ ಹೊಡೀತಾನೆ. ಇನ್ನು ಬರಬೇಡ ಅಕ್ಕಾ.” ಬಾಗಿಲು ಮುಚ್ಚಿತು. ಚಿಲಕ ಹಾಕಿದ್ದು ಪುಟ್ಟಿಯೇ.

ಮ್ಯಾಪಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ರಸ್ತೆಗೆ ಬಂದಳು. ಅವನ ಕೈಯಲ್ಲಿರುವುದು ಆ ಡಬ್ಬಿ ಒಂದೇ. ತಾನೇ ಹೋಗಿ ಮಾಡಿದ್ದನ್ನು ಒಪ್ಪಿಕೊಂಡರೆ ಡಬ್ಬಿಗೆ ಬೆಲೆಯಿಲ್ಲ, ಪುಟ್ಟಿಗೆ ಆ ಮನೆಯಲ್ಲಿ ಇರುವ ಕಾರಣವೂ ಇಲ್ಲ. ಇದು ಅವಳಿಗೆ ಚೆನ್ನಾಗಿ ಹೊಳೆಯಿತು. ಜೈಲು ಹೇಗಿರಬಹುದು ಅನ್ನುವುದೂ ಹೊಳೆಯಿತು. ನಾಲ್ಕು ರಸ್ತೆ ಸೇರುವಲ್ಲಿ ಪೊಲೀಸ್ ಸ್ಟೇಷನ್ನಿಗೆ ಎಡಕ್ಕೆ ಹೋಗಬೇಕು, ಮನೆಗೆ ಬಲಕ್ಕೆ. ಅವಳು ತುಂಬ ಹೊತ್ತು ನಿಂತಳು. ಹಿಂದೆ ನಿಂತ ಆಟೋದವನು, “ಎಲ್ಲಿಗಮ್ಮ? ದಾರಿ ಗೊತ್ತಿಲ್ವಾ?” ಅಂತ ಕೇಳಿದ.

“ಗೊತ್ತಪ್ಪಾ,” ಅಂದು ಮ್ಯಾಪಕ್ಕ ಬಲಕ್ಕೆ ತಿರುಗಿದಳು. ಬೆಳಿಗ್ಗೆ ಬೇಗ ಏಳಬೇಕಿತ್ತು, ಡಬ್ಬಿಗಳಿಗೆಲ್ಲ ಗುರುತು ತುಂಬುವುದಿತ್ತು.