ದಾನಮ್ಮನ ಹೊಲದ ಆರು ಪೆಟ್ಟಿಗೆ

ಹೊಲದವರಿಂದಲೇ ತಿಂಗಳಿಗಿಷ್ಟೆಂದು ಹಣ ತೆಗೆದುಕೊಂಡು ಅವರ ಹೊಲದಲ್ಲಿ ಜೇನುಪೆಟ್ಟಿಗೆ ಇಟ್ಟು ನೋಡಿಕೊಳ್ಳುವುದು ಬೀದರಿನ ಮುಸರ್ರತಳ ಕಸುಬು. ಕಲಿಸಿದವನು ಅವಳ ಅಬ್ಬಾ ಅಬ್ದುಲ ಗಫೂರ. ಭಾಲ್ಕಿಯ ಪೇರಲ ತೋಟದವನೊಬ್ಬ ನಕ್ಕೇಬಿಟ್ಟಿದ್ದ: "ಜಾಗಾ ನಮ್ದು, ಹೂ ನಮ್ದು. ಮ್ಯಾಲ ರೊಕ್ಕಾನೂ ನಾವೇ ಕೊಡಬೇಕೇನ್ರಿ?"

ಔರಾದ ತಾಲ್ಲೂಕಿನ ಸಂತಪುರದ ದಾನಮ್ಮ ನಗಲಿಲ್ಲ. "ತೊಗರಿಗಿ ಔಷಧ ಹೊಡೆಯೋದಿದ್ರ ಹ್ಯಾಂಗ, ತಂಗಿ?" ಎಂದಷ್ಟೇ ಕೇಳಿದಳು.

"ಹಿಂದಿನ ದಿನ ಫೋನ್ ಮಾಡ್ರಿ ಅಕ್ಕಾ. ಹೊತ್ತು ಮುಳುಗಿದ ಮ್ಯಾಲ ಜೇನುಹುಳ ಒಳಗ ಸೇರ್ತಾವ. ಪೆಟ್ಟಿಗಿ ಬಾಯಿ ಮುಚ್ಚಿ ಒಯ್ತೇನಿ. ನಾ ರೊಕ್ಕ ತಗೊಳ್ಳೋದೇ ಅದಕ್ಕರಿ."

ಮೂರು ವರ್ಷ ಹಾಗೇ ನಡೆಯಿತು. ಜೇನು ಹೂವಿಂದ ಹೂವಿಗೆ ಹಾರಿ ದಾನಮ್ಮನ ಸೂರ್ಯಕಾಂತಿಯಲ್ಲಿ ಜೊಳ್ಳು ಕಡಿಮೆಯಾಯಿತು. ಅಪ್ಪ ಮಗಳು ಬಂದರೆ ರೊಟ್ಟಿ ಕಟ್ಟಿಕೊಡದೆ ಅವಳು ಕಳಿಸುತ್ತಿರಲಿಲ್ಲ.

ಈ ಚಳಿಗಾಲ ಗಫೂರನಿಗೆ ಉಸಿರು ಕಟ್ಟತೊಡಗಿತು. ಬೀದರಿನ ಆಸ್ಪತ್ರೆಯಲ್ಲಿ ಮುಸರ್ರತ ಫೋನಿನ ಸದ್ದಡಗಿಸಿ ಚೀಲಕ್ಕೆ ಹಾಕಿದವಳು ಒಂದು ಹಗಲು, ಒಂದು ರಾತ್ರಿ ಹೊರಗೆ ತೆಗೆಯಲೇ ಇಲ್ಲ. ಮರುದಿನ ನೋಡಿದರೆ ದಾನಮ್ಮನ ಹನ್ನೊಂದು ಕರೆ.

ತಮ್ಮನನ್ನು ಅಬ್ಬಾನ ಬಳಿ ಕೂರಿಸಿ ಔರಾದ ಬಸ್ಸು ಹತ್ತಿದಳು. ಸಂತಪುರದ ಹೊಲದಲ್ಲಿ ತೊಗರಿಗೆ ಕಾಯಿಕೊರಕ ಬಿದ್ದಿತ್ತು. ಔಷಧ ಹೊಡೆಯುವ ಆಳುಗಳು ಆ ಬೆಳಿಗ್ಗೆ ಬಿಟ್ಟರೆ ಮತ್ತೆ ಸಿಗುವಂತಿರಲಿಲ್ಲ; ಹೊಡೆದು ಹೋಗಿದ್ದರು. ದಾನಮ್ಮ ತಾನೇ ಆರೂ ಪೆಟ್ಟಿಗೆಗಳ ಮೇಲೆ ತೊಯ್ದ ಗೋಣಿತಟ್ಟು ಹೊದಿಸಿದ್ದಳು. ಆದರೆ ಅಷ್ಟರಲ್ಲಿ ಬಿಸಿಲೇರಿ ಹುಳಗಳು ಹೂವಿಗೆ ಹೋಗಿಯಾಗಿತ್ತು. ಪೆಟ್ಟಿಗೆಗಳ ಮುಂದೆ ಸತ್ತವುಗಳ ರಾಶಿ. ಕೆಲವು ಇನ್ನೂ ಮಣ್ಣಲ್ಲಿ ಬೆನ್ನ ಮೇಲೆ ಬಿದ್ದು ಗಿರಗಿರ ಸುತ್ತುತ್ತಿದ್ದವು. ಮುಸರ್ರತ ಒಂದನ್ನು ಅಂಗೈಯಲ್ಲಿ ಎತ್ತಿಕೊಂಡು, ಅದು ನಿಶ್ಚಲವಾಗುವ ತನಕ ಕುಳಿತಳು.

"ಬೈದರ ಬೈ, ತಂಗಿ," ಎಂದಳು ದಾನಮ್ಮ.

"ನಿಮಗ ಯಾಕ ಬೈಲಿ ಅಕ್ಕಾ? ನೀವು ಕರದ್ರಿ. ನಾನೇ ಓಗೊಡಲಿಲ್ಲ."

ಸಂಜೆ ಆಸ್ಪತ್ರೆಯಲ್ಲಿ ಗಫೂರ ಕಣ್ಣು ತೆರೆದ. "ಹುಳ ಹ್ಯಾಂಗವ, ಬೇಟಿ?"

"ಛಲೋ ಅವ, ಅಬ್ಬಾ. ಪೆಟ್ಟಿಗಿ ತುಂಬ ತತ್ತಿ ಇಟ್ಟಾವ."

ಅವನ ಮುಖ ಅರಳಿತು. ಶುಕ್ರವಾರ ನಸುಕಿನಲ್ಲಿ ತೀರಿಕೊಂಡ.

ಮೂರನೆಯ ದಿನ ದಾನಮ್ಮ ಬೀದರಿಗೆ ಬಂದಳು. ಹೆಂಗಸರ ನಡುವೆ ಕುಳಿತು, ಆ ತಿಂಗಳ ಹಣವನ್ನು ಮುಸರ್ರತಳ ಕೈಯಲ್ಲಿಡಲು ಹೋದಳು. ಅವಳು ಕೈ ಹಿಂದೆಳೆದುಕೊಂಡಳು.

"ಬ್ಯಾಡ ಅಕ್ಕಾ. ಕರದಾಗ ಬರಲಿಲ್ಲ, ಮ್ಯಾಲ ಹುಳ ಛಲೋ ಅವ ಅಂತ ಅಬ್ಬಾಗ ಸುಳ್ಳು ಹೇಳಿ ಕಳಿಸಿದೆ. ಜೀವಮಾನದಾಗ ಒಮ್ಮೆನೂ ಅವರ ಮುಂದ ಸುಳ್ಳು ಹೇಳಿರಲಿಲ್ಲ."

ದಾನಮ್ಮ ಅವಳ ತಲೆಯನ್ನು ತೊಡೆಯ ಮೇಲೆಳೆದುಕೊಂಡಳು. ಮುಸರ್ರತ ಆಗ ಮೊದಲ ಸಲ ಅತ್ತಳು, ಅಬ್ಬಾ, ಅಬ್ಬಾ ಎಂದು, ಉಸಿರು ಕಟ್ಟುವಷ್ಟು.